ಇಂಟರ್‌ಕೂಲರ್ ಮೇಲೆ ಸಿಓಟೂ ಹೊಡೆದರೆ ಘಾಟಿಯಲ್ಲಿ ಪಿಕಪ್ ಬರುತ್ತಾ?

ಗದ್ದೆ_ಟ್ರ್ಯಾಕ್:
1.2 ಲೀಟರ್ ಟರ್ಬೊ ಪೆಟ್ರೋಲ್, ಇಂಟರ್‌ಕೂಲರ್ (ಟರ್ಬೊದಿಂದ ಬಿಸಿಯಾಗಿ ಬರುವ ಗಾಳಿಯನ್ನ ತಣಿಸುವ ಜಾಲರಿ) ಮುಂದಿನ ಬಂಪರ್ ಹಿಂದೆ. ಸಂಪಾಜೆಯಿಂದ ಮಡಿಕೇರಿಗೆ ಎರಡನೇ ಗೇರಲ್ಲಿ ಎಳೆಸಿದರೆ ಒಬಿಡಿಯಲ್ಲಿ (ಗಾಡಿಯ ಕಂಪ್ಯೂಟರಿನ ಅಂಕಿ ತೋರಿಸುವ ರೀಡರ್) ಇಂಟೇಕ್ ತಾಪ, ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ, 62–65 ಡಿಗ್ರಿ, ಪಿಕಪ್ ಸತ್ತ ಹಾಗೆ. ಗೋಣಿಕೊಪ್ಪ ಕಡೆ ಗದ್ದೆ ಆಟೋಕ್ರಾಸ್‌ಗೂ (ಸಮಯ ಹಿಡಿದು ಓಡಿಸುವ ಸಣ್ಣ ರೇಸ್) ಇದೇ ಗಾಡಿ. 2 ಕೆಜಿ ಸಿಓಟೂ (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್, ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್), ನಾಜಲ್ ಕೂರಿಸೋಣ ಅಂತಿದೆ. ಕಾರಿನ ಎಲ್‌ಪಿಜಿ ಕಿಟ್‌ನಿಂದ ಬಿಚ್ಚಿದ ಸೊಲೆನಾಯ್ಡ್ ಇದೆ, ನಡೆಯುತ್ತಾ? ಸಿಲಿಂಡರ್ ಡಿಕ್ಕಿಯಲ್ಲಿ ಇಡಬಹುದಾ?

ಪಾನಾ_ನಂಬರ್_13:
ಎಲ್‌ಪಿಜಿ ಸೊಲೆನಾಯ್ಡ್ ಬೇಡವೇ ಬೇಡ ಅಣ್ಣ. ಎಲ್‌ಪಿಜಿ ಓಡೋದು 8–10 ಬಾರ್ ಒಳಗೆ, ಸಿಓಟೂ 25 ಡಿಗ್ರಿಯಲ್ಲೇ 64 ಬಾರ್. ದ್ರವ ಸಿಓಟೂಗೆ ಅಂತಲೇ ಬರುವ 12 ವೋಲ್ಟ್ ವಾಲ್ವ್ ಬೇಕು, ಸೀಲ್ ಟೆಫ್ಲಾನ್‌ದು. ಮಾಮೂಲಿ ರಬ್ಬರ್ ಓ-ರಿಂಗ್ ಒಳಗೆ ಗ್ಯಾಸ್ ಹೀರಿಕೊಂಡು, ಒತ್ತಡ ಇಳಿದ ತಕ್ಷಣ ಗುಳ್ಳೆ ಎದ್ದು ಒಡೆಯುತ್ತೆ. ಹೋಸ್ ಕೂಡ ಸ್ಟೀಲ್ ಹೆಣಿಗೆಯ ಟೆಫ್ಲಾನ್.

ಬಹಳ ಜನ ಎಡವೋದು ನಾಜಲ್ ತೂತಿನ ವಿಷಯದಲ್ಲಿ. ಲೈನಿನಲ್ಲಿ ಎಲ್ಲಕ್ಕಿಂತ ಸಣ್ಣ ತೂತು ಕಟ್ಟಕಡೆಗೆ, ನಾಜಲ್ ಬಾಯಲ್ಲೇ ಇರಬೇಕು. ಸಿಓಟೂ ಒತ್ತಡ 5.2 ಬಾರ್‌ಗಿಂತ ಕೆಳಗೆ ಬಂದರೆ ದ್ರವವಾಗಿ ನಿಲ್ಲಲ್ಲ, ನೇರ ಹಿಮದ ಪುಡಿ. ವಾಲ್ವ್ ಹತ್ತಿರವೇ ತೂತು ಸಣ್ಣದಿದ್ದರೆ ಹೋಸ್ ಒಳಗೆ ಪುಡಿ ಕಟ್ಟಿ ಮೊದಲೆರಡು ಸೆಕೆಂಡ್ ಬುಸ್ಸೆಂದು ಆಮೇಲೆ ಬಂದ್. ಸಿಲಿಂಡರಿಗೆ ಒಳಗೆ ತಳದವರೆಗೆ ಪೈಪ್ ಇರಬೇಕು, ಇಲ್ಲದಿದ್ದರೆ ಮೇಲಿನ ಗ್ಯಾಸ್ ಮಾತ್ರ ಬರುತ್ತೆ, ತಂಪು ಅಷ್ಟಕ್ಕಷ್ಟೆ.

ಡಿಕ್ಕಿಯಲ್ಲಿ ಇಡೋದಕ್ಕೂ ನನ್ನ ಒಪ್ಪಿಗೆ ಇಲ್ಲ. 31 ಡಿಗ್ರಿ ದಾಟಿದ ಮೇಲೆ ಸಿಓಟೂ ದ್ರವವಾಗಿ ಉಳಿಯಲ್ಲ, ಒತ್ತಡ ಸರ್ರನೆ ಏರುತ್ತೆ. ಕುಶಾಲನಗರದ ಮಾರ್ಚ್ ಬಿಸಿಲಲ್ಲಿ ಮುಚ್ಚಿಟ್ಟ ಕಾರಿನೊಳಗೆ ಎಷ್ಟಾಗುತ್ತೆ ನೋಡಿಕೊಳ್ಳಿ. ಸುರಕ್ಷಾ ಡಿಸ್ಕ್ ಒಡೆದರೆ 2 ಕೆಜಿ ಅಂದರೆ 1,100 ಲೀಟರ್ ಗ್ಯಾಸ್ ಒಳಗೇ ಬಿಡುಗಡೆ. ಗಾಳಿಯಲ್ಲಿ 10 ಪರ್ಸೆಂಟ್ ಆದರೆ ಸಾಕು, ನಿಮಿಷಗಳಲ್ಲಿ ಪ್ರಜ್ಞೆ ಹೋಗುತ್ತೆ.

ಬೂಸ್ಟ್_ಲೆಕ್ಕ:
ಲೆಕ್ಕ ಹಾಕಿದರೆ ಆಸೆ ಅರ್ಧ ಇಳಿಯುತ್ತೆ. 5,000 ಆರ್‌ಪಿಎಂ, 0.9 ಬಾರ್ ಬೂಸ್ಟ್‌ನಲ್ಲಿ (ಟರ್ಬೊ ಕೊಡುವ ಹೆಚ್ಚುವರಿ ಒತ್ತಡ) ನಿಮ್ಮ ಎಂಜಿನ್ ಸೆಕೆಂಡಿಗೆ ಸುಮಾರು 90 ಗ್ರಾಂ ಗಾಳಿ ಎಳೆಯುತ್ತೆ. ಅದನ್ನ 20 ಡಿಗ್ರಿ ಇಳಿಸಲು 1.8 ಕಿಲೋವ್ಯಾಟ್. ಒಂದು ಕೆಜಿ ದ್ರವ ಸಿಓಟೂ ಪೂರ್ತಿ ಕೆಲಸ ಮಾಡಿದರೂ 230 ಕಿಲೋಜೂಲ್ ಆಸುಪಾಸು ಹೀರುತ್ತೆ, ಅದರಲ್ಲೂ ಅರ್ಧ ಗಾಳಿಪಾಲು. ಹಾಗಾಗಿ ಸೆಕೆಂಡಿಗೆ 16 ಗ್ರಾಂ ಬೇಕು, ಅಂದರೆ ನಿಮ್ಮ ಸಿಲಿಂಡರ್ ಎರಡು ನಿಮಿಷಕ್ಕೆ ಖಾಲಿ. ಘಾಟಿ ಹತ್ತಲು ಬೇಕಾದ್ದು ಅರ್ಧ ಗಂಟೆಗಿಂತ ಹೆಚ್ಚು.

60ರಿಂದ 40ಕ್ಕೆ ಇಳಿದರೆ ಗಾಳಿ 6 ಪರ್ಸೆಂಟ್ ದಟ್ಟ. ಆದರೆ ಈಗಿನ ಇಸಿಯು (ಎಂಜಿನ್ ಕಂಪ್ಯೂಟರ್) ಟಾರ್ಕ್ ಲೆಕ್ಕದಲ್ಲಿ ಓಡೋದರಿಂದ ಅಷ್ಟೇ ಗಾಳಿಗೆ ಬೂಸ್ಟ್ ಕಡಿಮೆ ಮಾಡಿ ಸುಮ್ಮನಾಗಬಹುದು. ಬಿಸಿಗೆ ಹಿಂದೆ ಸರಿದಿದ್ದ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ವಾಪಸ್ ಬರೋದೇ ನಿಜವಾದ ಲಾಭ. ಒಬಿಡಿಯಲ್ಲಿ ಟೈಮಿಂಗ್ ಡಿಗ್ರಿಯನ್ನೂ ನೋಡಿ.

ಹುಡುಗಾಟ_ಬೇಡ:
ನೇರ ಇಂಟೇಕ್ ಪೈಪಿಗೇ ಬಿಟ್ಟರೆ ಇನ್ನೂ ತಂಪಲ್ವಾ?

ಪಾನಾ_ನಂಬರ್_13:
ತಂಪಾಗುತ್ತೆ, ಉಸಿರೂ ಕಟ್ಟುತ್ತೆ. ಆಮ್ಲಜನಕದ ಜಾಗ ಸಿಓಟೂ ಹಿಡಿಯೋದರಿಂದ ಪವರ್ ಇಳಿಯುತ್ತೆ. ನೈಟ್ರಸ್ (ಪವರ್ ಏರಿಸಲು ಎಂಜಿನ್ ಒಳಗೆ ಬಿಡುವ ಗ್ಯಾಸ್) ಜೊತೆ ಕಲಸಿಕೊಳ್ಳಬೇಡಿ, ಅದು ಒಡೆದು ಆಮ್ಲಜನಕ ಕೊಡುತ್ತೆ. ಹೊರಗೆ ಹೊಡೆದರೂ ಏರ್ ಫಿಲ್ಟರ್ ಬಾಯಿಗೆ ಗ್ಯಾಸ್ ಹೋಗದ ಹಾಗೆ ಅಡ್ಡ ತಗಡು ಕೊಡಿ.

ಸಂಪಾಜೆ_ತಿರುವು:
ಮಾರಾಯ್ರೇ, ಮೊದಲು ಬಂಪರ್ ಬಿಚ್ಚಿ ನೋಡಿ. ಇಂಟರ್‌ಕೂಲರ್ ಫಿನ್ (ತೆಳು ಲೋಹದ ಎಲೆ) ನಡುವೆ ಕೆಂಪು ಮಣ್ಣು ಕಟ್ಟಿದ್ದರೆ ಹಿಂದಿನಿಂದ ಮುಂದಕ್ಕೆ ನಿಧಾನ ನೀರು ಬಿಡಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಡಚುತ್ತೆ. ಬೂಸ್ಟ್ ಹೋಸ್ ಕ್ಲಿಪ್‌ಗಳಿಗೆ ಸೋಪಿನ ನೀರು ಹಚ್ಚಿ, ಕಂಪ್ರೆಸರ್‌ನಿಂದ 0.8 ಬಾರ್ ಕೊಟ್ಟು ನೊರೆ ಬರುತ್ತಾ ನೋಡಿ. ಸೋರಿದಷ್ಟೂ ಟರ್ಬೊ ಹೆಚ್ಚು ಸುತ್ತಿ ಗಾಳಿ ಇನ್ನೂ ಬಿಸಿಯಾಗುತ್ತೆ. ಮಡಿಕೇರಿ ಎತ್ತರ ಸುಮಾರು 1,150 ಮೀಟರ್, ಅಲ್ಲಿ ಗಾಳಿಯ ಒತ್ತಡವೇ ಶೇ. 12ರಷ್ಟು ಕಡಿಮೆ, ಟರ್ಬೊಗೆ ಮೊದಲೇ ಹೆಚ್ಚು ಕೆಲಸ.

ಘಾಟಿಗೆ ನೀರೇ ಸಾಕು. ಒಂದು ಲೀಟರ್ ಪೂರ್ತಿ ಆವಿಯಾದರೆ 2,400 ಕಿಲೋಜೂಲ್, ಸಿಓಟೂ ಹತ್ತು ಕೆಜಿಗೆ ಸಮ. ಬ್ಯಾಟರಿ ಸ್ಪ್ರೇಯರ್‌ನ 12 ವೋಲ್ಟ್ ಪಂಪ್, ಎರಡು ಮಂಜು ನಾಜಲ್, ನಿಮಿಷಕ್ಕೆ 200 ಮಿಲಿ. ಇಂಟೇಕ್ ತಾಪ 50 ದಾಟಿದಾಗ ಮಾತ್ರ ಸ್ವಿಚ್. ತೋಟಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದ ಪಂಪ್ ಮಾತ್ರ ಬೇಡ: ಉಳಿದ ಮೈಲುತುತ್ತದ ತಾಮ್ರ ಅಲ್ಯೂಮಿನಿಯಂ ಫಿನ್‌ನ ತಿಂದು ತೂತು ಮಾಡುತ್ತೆ. ಬೋರ್‌ವೆಲ್ ನೀರಿನ ಬದಲು ಮಳೆನೀರು ಹಾಕಿ, ಬಿಳಿ ಪದರ ಕಟ್ಟಲ್ಲ.

ಗದ್ದೆ_ಟ್ರ್ಯಾಕ್:
ಹಾಗಾದರೆ ಆಟೋಕ್ರಾಸ್‌ಗೆ? ಅಲ್ಲಿ ಓಟ ಎರಡು ನಿಮಿಷದ್ದೇ.

ಬೂಸ್ಟ್_ಲೆಕ್ಕ:
ಅಲ್ಲಿ ಸಿಓಟೂಗೆ ಅರ್ಥ ಇದೆ, ಓಡುವಾಗಲ್ಲ, ಸ್ಟಾರ್ಟಿಗೆ ನಿಂತಾಗ. 4 ಕೆಜಿ ಇಂಟರ್‌ಕೂಲರನ್ನ 40 ಡಿಗ್ರಿ ಇಳಿಸಲು 145 ಕಿಲೋಜೂಲ್, ಒಂದೂಕಾಲು ಕೆಜಿ ಗ್ಯಾಸ್. ಆದರೆ ಮೀನಂಗಡಿಯ 2 ಕೆಜಿ ಐಸ್ ಕರಗುವಾಗಲೇ 668 ಕಿಲೋಜೂಲ್ ಹೀರುತ್ತೆ. ಪುಡಿ ಮಾಡಿ ಒದ್ದೆ ಗೋಣಿಯಲ್ಲಿ ಕಟ್ಟಿ ಫಿನ್‌ಗೆ ಒತ್ತಿ ಹತ್ತು ನಿಮಿಷ ಇಡಿ, ಸಾಲಿನಲ್ಲಿ ಮುಂದೆ ಹೋಗುವ ಮುನ್ನ ತೆಗೆಯಿರಿ. ಆ ನೀರು ಚಕ್ರದ ಹಾದಿಗೆ ಬೀಳದಿರಲಿ, ಗದ್ದೆ ಮಣ್ಣು ಒದ್ದೆಯಾದರೆ ಸ್ಟಾರ್ಟಲ್ಲೇ ಟೈರ್ ಜಾರುತ್ತೆ.