ರೇಂಜ್‌ಫೈಂಡರ್ ವಿವರಣೆಗೆ ಬೇಕಾದ ಪದಗಳು: ದೂರ, ನಿಲುಕು, ಹರವು

ಮಾನ್ಯರೇ,

ಶಿವಮೊಗ್ಗದ ಸುತ್ತಮುತ್ತ ರೈಫಲ್ ಹಿಡಿದು ಗುರಿ ಅಭ್ಯಾಸ ಮಾಡುವ ಗೆಳೆಯರಿಗಾಗಿ, ಬೆಳಕಿನ ಕಿರಣ ಬಿಟ್ಟು ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಕೊಳ್ಳುವಾಗ ಏನೇನು ನೋಡಬೇಕೆಂಬುದರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಟಿಪ್ಪಣಿ ಬರೆಯುತ್ತಿದ್ದೇನೆ. ಉಪಕರಣದ ಹೆಸರನ್ನೇ ಕನ್ನಡಿಸಬೇಕೆಂಬ ಹಟ ನನಗಿಲ್ಲ. ದೂರಮಾಪಕ ಎಂದರೆ ವಾಹನದ ಓಡೋಮೀಟರ್ ನೆನಪಾಗುತ್ತದೆ. ಕೊಳ್ಳುವವರೂ ಮಾರುವವರೂ ರೇಂಜ್‌ಫೈಂಡರ್ ಎಂದೇ ಅನ್ನುತ್ತಾರೆ. ತೊಡಕು ಎದುರಾಗುವುದು ಪೆಟ್ಟಿಗೆಯ ಮೇಲೂ ಬಳಕೆಯ ಪುಸ್ತಿಕೆಯಲ್ಲೂ ಬರುವ ಇತರ ಮಾತುಗಳಲ್ಲಿ.

ಮೊದಲನೆಯದು ರೇಂಜ್ ಎಂಬ ಮಾತೇ. ಗುರಿಹಲಗೆ ಎಷ್ಟು ದೂರದಲ್ಲಿದೆ ಎಂಬುದಕ್ಕೂ, ಉಪಕರಣ ಎಷ್ಟು ದೂರದವರೆಗೆ ಅಳೆಯಬಲ್ಲದು ಎಂಬುದಕ್ಕೂ, ಗುಂಡು ಹಾರಿಸುವ ಮೈದಾನಕ್ಕೂ ಅದೊಂದೇ ಶಬ್ದ. ಮೈದಾನಕ್ಕೆ ಫೈರಿಂಗ್ ರೇಂಜ್ ಎಂಬುದು ಪೊಲೀಸರ ಬಾಯಿಂದ ಜನರ ಬಾಯಿಗೂ ಬಂದುಬಿಟ್ಟಿದೆ, ಅದು ಹಾಗೆಯೇ ಇರಲಿ. ಉಳಿದೆರಡನ್ನು ಮಾತ್ರ ಬೇರೆಬೇರೆಯಾಗಿ ಹೇಳದಿದ್ದರೆ ಕೊಳ್ಳುವವನಿಗೆ ನೇರವಾಗಿ ನಷ್ಟವಾಗುತ್ತದೆ. ಉಪಕರಣ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಮಿಡಿತವನ್ನು, ಸಾಮಾನ್ಯವಾಗಿ 905 ನ್ಯಾನೋಮೀಟರ್ ತರಂಗಾಂತರದ್ದನ್ನು, ಗುರಿಯತ್ತ ಕಳಿಸಿ ಅದು ಮರಳಿ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. 1 ಕಿಲೋಮೀಟರ್ ಆಚೆಗೆ ಹೋಗಿ ಬರಲು ಬೆಳಕಿಗೆ ಸುಮಾರು 6.7 ಮೈಕ್ರೋಸೆಕೆಂಡು ಸಾಕು. ಹೀಗಾಗಿ ಅಳತೆ ಸಿಗುವುದೂ ಸಿಗದಿರುವುದೂ ಎದುರಿನ ವಸ್ತು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ 1500 ಮೀಟರ್ ಸಾಮಾನ್ಯವಾಗಿ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುವ ಫಲಕಕ್ಕೆ ಸಂಬಂಧಿಸಿದ್ದು. ಮರಕ್ಕೆ ಅದು ಇಳಿಯುತ್ತದೆ, ಜಿಂಕೆಯ ಮೈಯಂಥ ಮಾಸಲು ಮೇಲ್ಮೈಗೆ ಇನ್ನೂ ಇಳಿಯುತ್ತದೆ. ಪ್ರಾಮಾಣಿಕ ತಯಾರಕರು ಮೂರು ಸಂಖ್ಯೆಗಳನ್ನೂ ಕೊಡುತ್ತಾರೆ. 600 ಮೀಟರಿನಲ್ಲಿ ಅಭ್ಯಾಸ ಮಾಡುವವನು ನೋಡಬೇಕಾದದ್ದು ಕೊನೆಯ, ಅತಿ ಚಿಕ್ಕ ಸಂಖ್ಯೆಯನ್ನು. ಉಪಕರಣ ಅಳೆಯಬಲ್ಲ ಈ ಗರಿಷ್ಠ ದೂರಕ್ಕೆ ‘ವ್ಯಾಪ್ತಿ’ ಎಂದು ಬರೆದು ನೋಡಿದೆ. ಅದು ಸುತ್ತಲೂ ಹರಡಿದ ಪ್ರದೇಶವನ್ನು, ಪೊಲೀಸ್ ಠಾಣೆಯ ಸರಹದ್ದನ್ನು ಸೂಚಿಸುವಂತೆ ಕೇಳಿಸುತ್ತದೆ. ಕೈಗೆ ನಿಲುಕದ್ದು ಎನ್ನುವಾಗಿನ ‘ನಿಲುಕು’ ಇಲ್ಲಿ ಸರಿಯಾಗಿ ಕೂರುತ್ತದೆ ಎಂದು ನನ್ನ ಅಭಿಪ್ರಾಯ: ಗುರಿಗೆ ದೂರ, ಉಪಕರಣಕ್ಕೆ ನಿಲುಕು. ಸೋನೆ ಮಳೆಯಲ್ಲಿ ಅಥವಾ ಆಗುಂಬೆ ಕಡೆಯ ಮಂಜಿನಲ್ಲಿ ಹನಿಗಳು ಬೆಳಕನ್ನು ಚೆದರಿಸುವುದರಿಂದ ನಿಲುಕು ಕುಗ್ಗುತ್ತದೆ, ದೂರ ಇದ್ದಷ್ಟೇ ಇರುತ್ತದೆ ಎಂದು ಹೇಳಿದಾಗ ಎರಡರ ಅಂತರ ಯಾರಿಗೂ ತಿಳಿಯುತ್ತದೆ.

ಎರಡನೆಯದು ಕಿರಣ ಹೋಗಹೋಗುತ್ತ ಅಗಲವಾಗುವ ಗುಣ. ಪಠ್ಯಪುಸ್ತಕದ ರೀತಿಯಲ್ಲಿ ಅಪಸರಣ ಎನ್ನಬಹುದಾದರೂ, ತೋಟದ ದಾರಿಯಲ್ಲಿ ಬಿಟ್ಟ ಟಾರ್ಚಿನ ಬೆಳಕಿನಂತೆ ಹಿಗ್ಗುವ ಇದಕ್ಕೆ ‘ಹರವು’ ಸಾಕೆನಿಸುತ್ತದೆ. ಹರವನ್ನು ಮಿಲಿರೇಡಿಯನ್ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. 2 ಮಿಲಿರೇಡಿಯನ್ ಎಂದರೆ 600 ಮೀಟರಿನಲ್ಲಿ 1.2 ಮೀಟರ್ ಅಗಲ. ಉಪಕರಣದೊಳಗೆ ಕಾಣುವ ಗುರಿಯ ಗುರುತನ್ನು ಅರ್ಧ ಮೀಟರಿನ ಹಲಗೆಯ ಮೇಲಿಟ್ಟರೂ ಬೆಳಕಿನ ಬಹುಪಾಲು ಅದರ ಹಿಂದಿನ ಮಣ್ಣಿನ ದಿಬ್ಬಕ್ಕೋ ಮುಂದಿನ ಹುಲ್ಲಿಗೋ ಬಿದ್ದು, ಪರದೆಯಲ್ಲಿ ಅವುಗಳ ದೂರ ಮೂಡಬಹುದು. ಅನೇಕ ಉಪಕರಣಗಳಲ್ಲಿ ಹರವು ದುಂಡಗೂ ಇರುವುದಿಲ್ಲ, ಒಂದು ದಿಕ್ಕಿಗೆ ಉದ್ದವಾಗಿರುತ್ತದೆ, ಮತ್ತು ಕಣ್ಣಿಗೆ ಕಾಣುವ ಗುರುತು ಕಿರಣದ ನಟ್ಟನಡುವೆಯೇ ಇರುತ್ತದೆಂಬ ಖಾತರಿಯೂ ಇಲ್ಲ. ಇದನ್ನು ಪರೀಕ್ಷಿಸುವ ಕ್ರಮ ಸರಳ: ಆಕಾಶದ ಎದುರಿಗೆ ಒಂಟಿಯಾಗಿ ಕಾಣುವ ನೀರಿನ ಟ್ಯಾಂಕಿನ ಅಂಚಿನತ್ತ ಗುರುತನ್ನು ನಾಲ್ಕೂ ಕಡೆಯಿಂದ ಮೆಲ್ಲಗೆ ಸರಿಸುತ್ತ, ಅಂಕಿ ಯಾವಾಗ ಮೂಡುತ್ತದೆಂದು ಗಮನಿಸಬೇಕು. ಬಲದಿಂದ ಬಂದಾಗ ಗುರುತು ಅಂಚನ್ನು ಮುಟ್ಟುವ ಮೊದಲೇ ಅಂಕಿ ಮೂಡಿ, ಎಡದಿಂದ ಬಂದಾಗ ದಾಟಿದ ಮೇಲೆ ಮೂಡಿದರೆ ಕಿರಣ ಎಡಕ್ಕೆ ವಾಲಿದೆ ಎಂದರ್ಥ. ನನ್ನ ಮಟ್ಟಿಗೆ, ಬೆಲೆ ಹೆಚ್ಚು ಕೊಡುವುದಿದ್ದರೆ ದೊಡ್ಡ ನಿಲುಕಿಗಿಂತ ಕಿರಿದಾದ ಹರವಿಗೆ ಕೊಡುವುದು ಲೇಸು.

ಮೂರನೆಯದರಲ್ಲಿ ಕನ್ನಡವೇ ನಮ್ಮನ್ನು ಸಿಕ್ಕಿಸುತ್ತದೆ. ಕಿರಣದ ದಾರಿಯಲ್ಲಿ ಹಲವು ವಸ್ತುಗಳಿದ್ದಾಗ ಎಲ್ಲಕ್ಕಿಂತ ಹತ್ತಿರದ್ದರ ದೂರ ತೋರಿಸಬೇಕೋ ಎಲ್ಲಕ್ಕಿಂತ ದೂರದ್ದನ್ನು ತೋರಿಸಬೇಕೋ ಎಂದು ಆರಿಸುವ ಸೌಲಭ್ಯ ಅನೇಕ ಉಪಕರಣಗಳಲ್ಲಿದೆ. ಇದನ್ನು ‘ಮುಂದಿನ ವಸ್ತು’, ‘ಹಿಂದಿನ ವಸ್ತು’ ಎಂದು ಬರೆದರೆ, ಮುಂದಿನದೆಂದರೆ ಎದುರಿಗಿರುವುದೋ ಆಮೇಲೆ ಬರುವುದೋ, ಹಿಂದಿನದೆಂದರೆ ಬೆನ್ನಿಗಿರುವುದೋ ಈ ಮೊದಲು ಅಳೆದದ್ದೋ ಎಂಬ ಗೊಂದಲ ತಪ್ಪುವುದಿಲ್ಲ. ನಮ್ಮ ಕಡೆ ದಿನವೂ ಆಡುವ ‘ಈಚೆಯದು’, ‘ಆಚೆಯದು’ ಎಂಬ ಜೋಡಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಲಂಟಾನಾ ಪೊದೆಯ ಸಂದಿನಿಂದ ಹಲಗೆಯನ್ನು ಅಳೆಯುವಾಗ ಆಚೆಯದನ್ನು ಆರಿಸಿ, ಆದರೆ ಹಲಗೆಯ ಹಿಂಬದಿ ದಿಬ್ಬವಿದ್ದರೆ ಅದೇ ಆಯ್ಕೆ ದಿಬ್ಬದ ದೂರವನ್ನು ಹೇಳೀತು ಎಂದು ಬರೆಯಲು ಈಗ ಸುಲಭ. ಕೆಲವು ಉಪಕರಣಗಳಲ್ಲಿ ಈ ಆಯ್ಕೆಗೆ ಬೇಟೆಯ ಹೆಸರೇ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ನಾಡಿನಲ್ಲಿ, ಗುರಿಹಲಗೆಗಷ್ಟೇ ಮೀಸಲಾದ ಟಿಪ್ಪಣಿಯಲ್ಲಿ, ಆ ಹೆಸರನ್ನು ಉಳಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಇಳಿಜಾರಿನ ಲೆಕ್ಕದಲ್ಲಿ, ಗುರಿಗೆ ನೇರವಾಗಿ ಅಳೆದದ್ದಕ್ಕೆ ‘ಓರೆ ದೂರ’, ಅಡ್ಡಡ್ಡಲಾಗಿ ಸಮಮಟ್ಟದಲ್ಲಿ ಅಳೆದದ್ದಕ್ಕೆ ‘ಮಟ್ಟದ ದೂರ’ ಎಂದಿಟ್ಟುಕೊಂಡಿದ್ದೇನೆ. ರಸಮಟ್ಟ ಹಿಡಿಯುವ ಗಾರೆ ಕೆಲಸದವರಿಗೂ ಇದು ತಿಳಿಯುತ್ತದೆ. ಗುಡ್ಡದ ಮೇಲಿನಿಂದ 30 ಡಿಗ್ರಿ ಇಳಿಜಾರಿನಲ್ಲಿ ಓರೆ ದೂರ 500 ಮೀಟರ್ ಇದ್ದರೆ ಮಟ್ಟದ ದೂರ 433 ಮೀಟರ್ ಮಾತ್ರ, ಮತ್ತು ಗುಂಡಿನ ಇಳಿತವನ್ನು ಅಂದಾಜಿಸಲು ಹತ್ತಿರವಾದದ್ದು ಈ ಎರಡನೆಯದೇ. ಯಾರ್ಡಿಗೆ ‘ಗಜ’ ಇದ್ದೇ ಇದೆ. ಪರದೆಯ ಅಂಕಿ ಗಜದಲ್ಲಿದೆಯೋ ಮೀಟರಿನಲ್ಲಿದೆಯೋ ಎಂದು ನೋಡದಿದ್ದರೆ ಸಾವಿರಕ್ಕೆ 85 ಮೀಟರಿಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ.

ಗುರಿ ಹೊಡೆಯುವವರನ್ನು ಏನೆಂದು ಕರೆಯಬೇಕು ಎಂಬುದೂ ತೀರ್ಮಾನವಾಗಿಲ್ಲ. ‘ಗುರಿಕಾರ’ ಚೆಂದದ ಪದ, ಆದರೆ ಹವ್ಯಕರಲ್ಲಿ ಗುರಿಕಾರನೆಂದರೆ ಸಮುದಾಯದ ಹೊಣೆ ಹೊತ್ತ ಹಿರಿಯ. ಸಾಗರದ ಓದುಗರು ನಕ್ಕಾರು. ‘ಈಡುಗಾರ’ ಎಂದರೆ ಕೋವಿ, ಕಾಡು, ಹಂದಿ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಸದ್ಯಕ್ಕೆ ‘ಶೂಟರ್’ ಎಂದೇ ಬರೆದಿದ್ದೇನೆ. ಅಂದಹಾಗೆ 10, 25, 50, 300 ಮೀಟರಿನ ಸ್ಪರ್ಧೆಗಳಲ್ಲಿ ದೂರ ಮೊದಲೇ ಗೊತ್ತುಮಾಡಿದ್ದಾಗಿರುವುದರಿಂದ, ಅಷ್ಟಕ್ಕೇ ಅಭ್ಯಾಸ ಮಾಡುವ ಶೂಟರಿಗೆ ಈ ಉಪಕರಣವೇ ಬೇಡ ಎಂಬ ಮಾತನ್ನು ಟಿಪ್ಪಣಿಯ ಮೊದಲ ಪುಟದಲ್ಲಿಯೇ ಸೇರಿಸುವವನಿದ್ದೇನೆ.

ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಬಲ್ಲವರಲ್ಲಿ ಎರಡು ವಿಷಯ ಕೇಳಬೇಕಾಗಿದೆ. ಬೆಳೆ ಕಾಯಲು ಕೋವಿ ಇಟ್ಟುಕೊಂಡಿರುವ ಮನೆಗಳಲ್ಲಿ, ಈಡು, ಅಂದರೆ ಹಾರಿಸಿದ ಗುಂಡು, ಎಲ್ಲಿಯವರೆಗೆ ಹೋಗಿ ತಾಗುತ್ತದೆ ಎಂಬುದಕ್ಕೆ ‘ನಿಲುಕು’, ‘ಎಟುಕು’ಗಳಲ್ಲಿ ಯಾವುದನ್ನು ಆಡುತ್ತಾರೆ, ಅಥವಾ ಬೇರೆಯೇ ಪದವಿದೆಯೇ? ಹಾಗೆಯೇ ತೋಟೆಯೊಳಗಿನ ಸಣ್ಣ ಗುಂಡುಗಳು, ಅಂದರೆ ಚರೆ, ಹರಡಿ ಬೀಳುವ ಅಗಲಕ್ಕೆ ಹೆಸರೊಂದಿದ್ದರೆ, ಅದನ್ನು ವಾಕ್ಯದೊಳಗಿಟ್ಟು ಊರಿನ ಹೆಸರಿನೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ. ‘ಹರವು’ ಎಂಬುದನ್ನು ಅದಕ್ಕೋಸ್ಕರ ಬಿಟ್ಟುಕೊಡಲು ಸಿದ್ಧನಿದ್ದೇನೆ.