ಪದಚರ್ಚೆ: ಹ್ಯಾಂಡ್‌ಓವರ್, ರೀಡ್‌ಬ್ಯಾಕ್ ಎರಡಕ್ಕೂ 'ಒಪ್ಪಿಸು' ನಡೆಯುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಆರೋಗ್ಯ ಸಿಬ್ಬಂದಿಗಾಗಿ ಮೊಬೈಲಿನಲ್ಲಿ ನೋಡುವ ಚಿಕ್ಕ ವಿಡಿಯೊ ಪಾಠ ಮಾಡುತ್ತಿದ್ದೇವೆ. ಡಾಕ್ಟರು, ಸಿಸ್ಟರ್, ಲ್ಯಾಬಿನವರು, ಫಾರ್ಮಸಿಯವರು, 108ರವರು, ಆಶಾ ಕಾರ್ಯಕರ್ತೆಯರು ಎಲ್ಲರಿಗೂ ಒಂದೇ ಪಾಠ. ಬೇರೆ ಬೇರೆ ವೃತ್ತಿಯವರು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ಇದಕ್ಕೆ 'ಅಂತರ್‌ವೃತ್ತಿಪರ ಶಿಕ್ಷಣ' ಎಂದರೆ ಕೇಳಿದವರು ಅಲ್ಲೇ ವಿಡಿಯೊ ಬಂದ್ ಮಾಡುತ್ತಾರೆ. 'ಕೂಡಿ ಕಲಿಯುವುದು' ಎಂದು ಇಟ್ಟುಕೊಂಡಿದ್ದೇವೆ. ಅದು ಸಾಕು.

ನನ್ನ ಪ್ರಶ್ನೆ ಬೇರೆ. ಕೇಳಿದ್ದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವ ರೀಡ್‌ಬ್ಯಾಕ್, ರೋಗಿಯನ್ನೂ ಮಾಹಿತಿಯನ್ನೂ ಮುಂದಿನವರ ಕೈಗೆ ಕೊಡುವ ಹ್ಯಾಂಡ್‌ಓವರ್, ಇವೆರಡಕ್ಕೂ ಕನ್ನಡ ಪದ ಬೇಕು. ಒಂದು ವಿಡಿಯೊ ಹೀಗಿದೆ. ಘಟ್ಟದ ಬುಡದ ಪ್ರಾಥಮಿಕ ಆರೋಗ್ಯ ಕೇಂದ್ರ, ರಾತ್ರಿ ಹೊತ್ತು. ತುಂಬು ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬಂದಿದೆ. ಡಾಕ್ಟರು ಫೋನಿನಲ್ಲಿ, "ಮೆಗ್ನೀಸಿಯಂ ಸಲ್ಫೇಟ್, ಸೊಂಟಕ್ಕೆ, ಎರಡೂ ಕಡೆ 5 ಗ್ರಾಂ ಕೊಟ್ಟು ಕಳಿಸಿ" ಎನ್ನುತ್ತಾರೆ. ಸಿಸ್ಟರ್ ಸುಮ್ನೆ "ಆಯ್ತು ಸರ್" ಅನ್ನುವುದಿಲ್ಲ. "ಒಂದೊಂದು ಕಡೆ 5 ಗ್ರಾಂ, ಒಟ್ಟು 10 ಗ್ರಾಂ. ಸರೀನಾ ಸರ್?" ಎಂದು ಕೇಳುತ್ತಾರೆ. ಎರಡೂ ಕಡೆ ಸೇರಿ 5 ಎಂದು ಯಾರಾದರೂ ತಿಳಿದರೆ ಮದ್ದು ಅರ್ಧವೇ ಹೋಗುತ್ತದೆ, ಅಲ್ವಾ? ವಿಡಿಯೊ ಇಲ್ಲಿ ನಿಲ್ಲುತ್ತದೆ. ನೋಡುವವರು ತಮ್ಮ ಕೆಲಸಕ್ಕೆ ತಕ್ಕ ಮುಂದಿನ ಹೆಜ್ಜೆ ಆರಿಸಬೇಕು. ಆಮೇಲೆ 108 ಬರುತ್ತದೆ. ಫಿಟ್ಸ್ ಎಷ್ಟು ಹೊತ್ತಿಗೆ ಬಂತು, ಬಿಪಿ ಎಷ್ಟು, ಯಾವ ಮದ್ದು ಎಷ್ಟು ಹೋಗಿದೆ, ಎಲ್ಲ ಹೇಳಿ ಸಿಸ್ಟರ್ ರೋಗಿಯನ್ನು ಬಿಟ್ಟುಕೊಡುತ್ತಾರೆ.

ಫೋನಿನಲ್ಲಿ ತಿರುಗಿ ಹೇಳಿದ್ದು ರೀಡ್‌ಬ್ಯಾಕ್. 108ರವರಿಗೆ ಕೊಟ್ಟಿದ್ದು ಹ್ಯಾಂಡ್‌ಓವರ್. ಕನ್ನಡದಲ್ಲಿ ನನಗೆ ಎರಡಕ್ಕೂ ತೋಚುವುದು 'ಒಪ್ಪಿಸು'. ಮಕ್ಕಳು ಮಗ್ಗಿ ಒಪ್ಪಿಸುತ್ತಾರೆ, ಅಂದರೆ ಕಲಿತದ್ದನ್ನು ತಪ್ಪಿಲ್ಲದೆ ತಿರುಗಿ ಹೇಳುತ್ತಾರೆ. ವರ್ಗವಾದವರು ಚಾರ್ಜು ಒಪ್ಪಿಸುತ್ತಾರೆ, ಹೊಣೆ ಕೈ ಬದಲಾಗುತ್ತದೆ. 'ಹಸ್ತಾಂತರ' ನನಗೆ ಹಿಡಿಸುವುದಿಲ್ಲ. ಅದು ಕಟ್ಟಡಕ್ಕೆ, ಜಮೀನಿಗೆ ಸರಿ. ಅದರಲ್ಲಿ 'ಹೇಳುವುದು' ಇಲ್ಲವೇ ಇಲ್ಲ. ರೋಗಿ ಮುಂದೆ ಹೋಗಿ ಮಾಹಿತಿ ಹಿಂದೆ ಉಳಿಯುವುದೇ ಇಲ್ಲಿ ದೊಡ್ಡ ಅಪಾಯ.

ಆದರೂ ಎರಡು ಅನುಮಾನ. 'ಡಾಕ್ಟರನ್ನು ಒಪ್ಪಿಸಿದೆ' ಅಂದರೆ ಮನವೊಲಿಸಿದೆ ಎಂದಾಗುತ್ತದೆ, 'ಡಾಕ್ಟರಿಗೆ ಒಪ್ಪಿಸಿದೆ' ಅಂದರೆ ಬೇರೆ. ಬರಹದಲ್ಲಿ ವಿಭಕ್ತಿ ಕಾಯುತ್ತದೆ. ಅವಸರದ ಮಾತಿನಲ್ಲಿ, ಅದೂ ಕೊಂಕಣಿ ಮನೆಮಾತಿನವರು ಜಾಸ್ತಿ ಇರುವ ಕಡೆ, ಕಾದೀತೇ?

ಇನ್ನೊಂದು ಹೆಚ್ಚು ಕಾಡುವುದು. ಪಾಠ ಒಪ್ಪಿಸುವುದು ಶಿಷ್ಯರು, ಕೇಳುವುದು ಮೇಷ್ಟ್ರು. ನಮ್ಮ ಪಾಠದಲ್ಲಿ ಹಾಗಲ್ಲ. ಲ್ಯಾಬಿನ ಹುಡುಗಿ ಫೋನ್ ಮಾಡಿ "ಪೊಟ್ಯಾಸಿಯಂ 6.8" ಅಂದರೆ ಡಾಕ್ಟರೂ "6.8" ಎಂದು ತಿರುಗಿ ಹೇಳಲೇಬೇಕು. ಕೈಕೆಳಗಿನವರು ಮೇಲಿನವರಿಗೆ ಹೇಳುವ ವಾಸನೆ ಪದಕ್ಕಿದ್ದರೆ ಡಾಕ್ಟರು ಅದನ್ನು ತಮಗೆ ಹೇಳಿದ್ದು ಅಂದುಕೊಳ್ಳುವುದಿಲ್ಲ. ಹಾಗಿದ್ದರೆ ರೀಡ್‌ಬ್ಯಾಕಿಗೆ 'ತಿರುಗಿ ಹೇಳು' ಎಂದಿಟ್ಟು, ಹ್ಯಾಂಡ್‌ಓವರಿಗೆ ಮಾತ್ರ 'ಒಪ್ಪಿಸು' ಉಳಿಸಿಕೊಳ್ಳಲೇ?

ಶಿರಸಿ, ಸಿದ್ದಾಪುರ, ಹೊನ್ನಾವರದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಯಾರಾದರೂ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ. ಡ್ಯೂಟಿ ಬದಲಾಗುವಾಗ 'ಹ್ಯಾಂಡ್‌ಓವರ್ ಕೊಟ್ಟೆ' ಬಿಟ್ಟು ಬೇರೆ ಯಾವ ಮಾತು ನಿಮ್ಮ ಬಾಯಲ್ಲಿ ಬರುತ್ತದೆ?