ಫ್ಯಾನ್ ತಿರುಗುತ್ತದೆ, ಮಾನಿಟರ್ ಕಪ್ಪು: ಬಿ450 ಬೋರ್ಡ್, ರೈಜನ್ 5 5600

ಪ್ರಶ್ನೆ:
ನಮಸ್ಕಾರ. ನಾನೇ ಜೋಡಿಸುತ್ತಿರುವ ಮೊದಲ ಪಿಸಿ ಇದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಬಿ450 ಮದರ್‌ಬೋರ್ಡ್ ಸಿಕ್ಕಿತು, ಎಎಂಡಿಯ ರೈಜನ್ 5 5600 ಪ್ರೊಸೆಸರ್ ಹೊಸದು ತಗೊಂಡೆ. ಎರಡೂ ಎಎಂ4 ಸಾಕೆಟ್‌ನವು (ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ ಜಾಗ), ಕೂರುತ್ತದೆ ಅಂತ ಅಂಗಡಿಯವರು ಹೇಳಿದರು. ಕೂತಿತು ಕೂಡ, ಪಿನ್ ಒಂದೂ ಬಾಗಿಲ್ಲ. ಆದರೆ ಪವರ್ ಒತ್ತಿದರೆ ಫ್ಯಾನ್ ಮಾತ್ರ ತಿರುಗುತ್ತದೆ, ಬೋರ್ಡಿನ ಅಂಚಿನಲ್ಲಿ ಸಿಪಿಯು ಅಂತ ಬರೆದಿರುವ ಕಡೆ ಪುಟ್ಟ ಕೆಂಪು ಲೈಟ್ ಉರಿಯುತ್ತಲೇ ಇರುತ್ತದೆ. ಒಂದೇ ರ್‍ಯಾಮ್ ಹಾಕಿ ನೋಡಿದೆ, ಬೋರ್ಡಿನ ಸೆಟ್ಟಿಂಗ್ ಉಳಿಸುವ ಸಿಮೋಸ್ ಬ್ಯಾಟರಿ ತೆಗೆದು ಮತ್ತೆ ಹಾಕಿದೆ. ಪ್ರೊಸೆಸರೇ ಸತ್ತಿದೆಯಾ? ವಾಪಸ್ ಕೊಡೋಕೆ ಎರಡೇ ದಿನ ಉಳಿದಿದೆ.

ಉತ್ತರ:
ಸುಮ್ನೆ ವಾಪಸ್ ಕೊಡಬೇಡಿ, ಹೊಸ ಪ್ರೊಸೆಸರ್ ಸತ್ತಿರುವುದು ಬಹಳ ಅಪರೂಪ. ಮೊದಲು ಬೋರ್ಡಿನ ಮೇಲ್ತುದಿಯ 8 ಪಿನ್ ಸಿಪಿಯು ಪವರ್ ಕೇಬಲ್ ಹಾಕಿದ್ದೀರಾ ನೋಡಿ. ಎಚ್‌ಡಿಎಂಐ ಗ್ರಾಫಿಕ್ಸ್ ಕಾರ್ಡಿಗೇ ಇರಲಿ, 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ. ಇವೆರಡೂ ಸರಿ ಇದ್ದರೆ ನನ್ನ ಅನುಮಾನ ಬಯೋಸ್ ಮೇಲೆ, ಅಂದರೆ ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್ ಮೇಲೆ. ಬಿ450 ಬಂದದ್ದು 2018ರಲ್ಲಿ, ನಿಮ್ಮ ಪ್ರೊಸೆಸರ್ 2022ರದ್ದು. ಈ ಪೀಳಿಗೆ ಬಿ450ಗೆ ಇಲ್ಲ ಅಂತಲೇ ಎಎಂಡಿ 2020ರ ಮೇ ತಿಂಗಳಲ್ಲಿ ಮೊದಲು ಹೇಳಿತ್ತು, ಅದೇ ತಿಂಗಳು ಮಾತು ಬದಲಿಸಿತು. ಹಾಗಾಗಿ ಹಳೇ ಬಯೋಸ್ ಇದ್ದರೆ ಬೋರ್ಡಿಗೆ ಈ ಚಿಪ್ಪಿನ ಗುರುತೇ ಸಿಗುವುದಿಲ್ಲ. ಬೋರ್ಡ್ ಮೇಲೆ ವರ್ಷನ್ ಬರೆದ ಸ್ಟಿಕ್ಕರ್ ಏನಾದರೂ ಇದೆಯಾ? ಹಿಂದೆ, ಪಿಸಿ ಆನ್ ಆಗದಿದ್ದರೂ ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ಹಾಕಲು ಬಿಡುವ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ?

ಪ್ರಶ್ನೆ ಕೇಳಿದವರು:
ಕೇಬಲ್ ಎಲ್ಲಾ ಸರಿ ಇದೆ ಸರ್. ಸ್ಟಿಕ್ಕರ್‌ನಲ್ಲಿರುವ ವರ್ಷನ್ ಕಂಪನಿ ಸೈಟಿನಲ್ಲಿ ಹುಡುಕಿದರೆ 2019ರದ್ದು. ಸಿಪಿಯು ಸಪೋರ್ಟ್ ಪಟ್ಟಿಯಲ್ಲಿ 5600 ಇದೆ, ಆದರೆ ಅದರ ಎದುರು ಬರೆದಿರುವ ವರ್ಷನ್ ಎಷ್ಟೋ ಹೊಸದು. ಬಟನ್ ಇದೆ.

ಉತ್ತರ:
ಹಾಗಾದರೆ ಸಿಕ್ಕಿತು. ಬಟನ್ ಇಲ್ಲದಿದ್ದರೆ ರೈಜನ್ 5 2600 ತರಹದ ಹಳೇ ಚಿಪ್ ಯಾರದ್ದಾದರೂ ತಂದು ಹಾಕಿ ಬಯೋಸ್ ಅಪ್‌ಡೇಟ್ ಮಾಡಬೇಕಿತ್ತು. ಕಂಪನಿ ಸೈಟಿನಿಂದ ಹೊಸ ಬಯೋಸ್ ಫೈಲ್ ಇಳಿಸುವಾಗ ಬೋರ್ಡಿನ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು, ಬೋರ್ಡ್ ಮೇಲೆ ಅಚ್ಚಾಗಿರುವ ರೆವಿಷನ್ ನಂಬರನ್ನೂ ನೋಡಿ. ಪೆನ್‌ಡ್ರೈವ್ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಫೈಲಿಗೆ ಮ್ಯಾನುಯಲ್‌ನಲ್ಲಿ ಹೇಳಿದ ಹೆಸರನ್ನೇ ಇಡಿ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ: ವಿಂಡೋಸ್ ಎಕ್ಸ್‌ಟೆನ್ಷನ್ (ಫೈಲ್ ಹೆಸರಿನ ಕೊನೆಯ ಚುಕ್ಕೆ ಆದಮೇಲಿನ ಭಾಗ) ಮುಚ್ಚಿಟ್ಟಿರುತ್ತದೆ, ನೀವು ಟೈಪ್ ಮಾಡಿದ್ದರ ಹಿಂದೆ ಇನ್ನೊಂದು ಸೇರಿಕೊಂಡು ಬೋರ್ಡಿಗೆ ಫೈಲೇ ಸಿಗುವುದಿಲ್ಲ, ಅದಕ್ಕೇ ಮೊದಲು ವ್ಯೂ ಮೆನುವಿನಲ್ಲಿ ಅದು ಕಾಣುವ ಹಾಗೆ ಮಾಡಿಕೊಳ್ಳಿ. ಪೆನ್‌ಡ್ರೈವನ್ನು ಫ್ಲ್ಯಾಶ್‌ಬ್ಯಾಕ್‌ಗೆ ಅಂತ ಗುರುತು ಮಾಡಿರುವ ಪೋರ್ಟಿಗೇ ಹಾಕಿ, ಆಮೇಲೆ ಬಟನ್ ಒತ್ತಿ. ಯುಪಿಎಸ್ ಇಲ್ಲದೆ ಮಾತ್ರ ಮಾಡಬೇಡಿ ದಯವಿಟ್ಟು, ಅರ್ಧದಲ್ಲಿ ಕರೆಂಟ್ ಹೋದರೆ ಬಯೋಸ್ ಅಳಿಸಿಹೋದ ಬೋರ್ಡ್ ಕೈಯಲ್ಲಿ ಉಳಿಯುತ್ತದೆ. ಬಟನ್ ಲೈಟ್ ಮಿನುಗುವುದು ನಿಲ್ಲುವ ತನಕ ಏನನ್ನೂ ಮುಟ್ಟಬೇಡಿ.

ಪ್ರಶ್ನೆ ಕೇಳಿದವರು:
ಬಂತು ಸರ್! ಮೊದಲ ಸಲ ಲೈಟ್ ಮೂರು ಸಲ ಮಿನುಗಿ ನಿಂತುಬಿಟ್ಟಿತು, ನೋಡಿದರೆ ನೀವು ಹೇಳಿದ ಹಾಗೇ ಹೆಸರಿನಲ್ಲಿ ಎಕ್ಸ್‌ಟೆನ್ಷನ್ ಎರಡು ಸಲ ಇತ್ತು. ಸರಿ ಮಾಡಿದ ಮೇಲೆ ಐದಾರು ನಿಮಿಷ ಮಿನುಗಿತು. ಆಮೇಲೆ ಆನ್ ಮಾಡಿದರೆ ಕೆಂಪು ಲೈಟ್ ಆರಿ ಬಯೋಸ್ ಪರದೆ ಬಂತು. ರ್‍ಯಾಮ್ ವೇಗ ಮಾತ್ರ 3200 ಬದಲು 2133 ತೋರಿಸುತ್ತಿದೆ.

ಉತ್ತರ:
ತುಂಬಾ ಖುಷಿಯಾಯಿತು. ರ್‍ಯಾಮ್ ಕೆಟ್ಟಿಲ್ಲ, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ, 3200 ಬರುತ್ತದೆ.